ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ, ಸಿಸ್ಟರ್?

ಇಪ್ಪತ್ತೆರಡು ವರ್ಷಗಳಿಂದ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದೇನೆ. ಎಂಬಿಬಿಎಸ್ ಆಯಿತು, ಅರಿವಳಿಕೆಯಲ್ಲಿ ಮೂರು ವರ್ಷದ ಎಂಡಿ ಆಯಿತು, ತಲೆಯೂ ನೆರೆಯಿತು. ಆದರೂ ನಾನು ಸಿಸ್ಟರ್. ನನ್ನ ಹಿಂದೆ ಫೈಲು ಹಿಡಿದು ಬರುವ, ಮೀಸೆ ಇನ್ನೂ ಚಿಗುರುತ್ತಿರುವ ಪಿಜಿ ಹುಡುಗ ಡಾಕ್ಟ್ರು. ಮೊದಮೊದಲು ತಿದ್ದುತ್ತಿದ್ದೆ. ಈಗ "ಬರ್ತಾರೆ, ಕೂತ್ಕೊಳ್ಳಿ" ಅಂದು ಒಳಗೆ ಹೋಗುತ್ತೇನೆ. ಇದರಿಂದ ಬೇಸರವಾಗಿರುವುದು ನಮ್ಮ ಹಿರಿಯ ಸಿಸ್ಟರಿಗೆ. ನನ್ನ ಜೊತೆ ಹೋಲಿಸಿದರೆ ಯಾರಿಗೆ ತಾನೇ ಬೇಸರವಾಗದು? ಥಿಯೇಟರಿನಲ್ಲಿ ಅವರ ಮಾತು ನಡೆಯುತ್ತದೆ.

ನಮ್ಮ ವಿಭಾಗದ ಬೋರ್ಡಿನಲ್ಲಿ 'ಅರವಳಿಕೆ ವಿಭಾಗ' ಎಂದು ಬರೆದಿದೆ. ರಿ ಅಕ್ಷರದ ಗುಡಿಸು ಪೇಂಟರ್ ಕೈಯಿಂದ ಜಾರಿ ಎಷ್ಟೋ ವರ್ಷವಾಯಿತು. ಸರಿಪಡಿಸಿ ಎಂದು ಪತ್ರ ಬರೆದರೆ, ಅರ್ಥವಾಗುತ್ತದಲ್ಲ ಮೇಡಮ್ ಎಂದರು. ಅರ್ಥವಾಗುವುದಿಲ್ಲ ಎಂಬುದೇ ನನ್ನ ಅನುಭವ. ಮೊನ್ನೆ ಹಳ್ಳಿಯಿಂದ ಬಂದ ಯಜಮಾನರೊಬ್ಬರು ಅರವಟ್ಟಿಗೆ ಎಂದುಕೊಂಡು ಒಳಗೆ ಬಂದು ನೀರು ಕೇಳಿದರು. ಕೊಟ್ಟೆ. ಆ ದಿನ ನನಗೆ ಸಿಕ್ಕ ಒಂದೇ ಕೃತಜ್ಞತೆ ಅದು.

ಸರ್ಜನ್ನರ ವಿಷಯಕ್ಕೆ ಬರೋಣ. ಅವರ ಗಡಿಯಾರವೇ ಬೇರೆ. "ಇಪ್ಪತ್ತು ನಿಮಿಷದ ಕೇಸು ಮೇಡಮ್" ಅಂದರೆ ನಾನು ಮೂರರಿಂದ ಗುಣಿಸಿ ಔಷಧಿ ಸಿದ್ಧ ಮಾಡಿಕೊಳ್ಳುತ್ತೇನೆ. "ಕ್ಲೋಸ್ ಮಾಡ್ತಾ ಇದೀನಿ" ಅಂದರೆ ಕಾಫಿಗೆ ಹೇಳಿಕಳಿಸಬಹುದು, ಬಂದದ್ದನ್ನು ಆರಿಸಿ ಕುಡಿಯಲೂಬಹುದು. ರಕ್ತ ಸೋರಿದರೆ ನಾನು ಬಿಪಿ ಜಾಸ್ತಿ ಇಟ್ಟಿದ್ದೇನೆ, ಹೊಟ್ಟೆಯೊಳಗೆ ಕೈ ಆಡದಿದ್ದರೆ ನನ್ನ ಪೇಷೆಂಟ್ ಟೈಟ್ ಇದ್ದಾರೆ. ಗಮನಿಸಿ, ಟೈಟ್ ಇದ್ದಾಗ ಮಾತ್ರ ಪೇಷೆಂಟ್ ನನ್ನವರು. ಹೊರಗೆ ಹಾರ, ಸ್ವೀಟ್ ಬಾಕ್ಸ್ ಹಿಡಿದು ಸಂಬಂಧಿಕರು ನಿಂತಿರುವಾಗ ಅವರು ಸರ್ಜನ್ನರ ಪೇಷೆಂಟ್. ಅಕಸ್ಮಾತ್ ಏನಾದರೂ ಹೆಚ್ಚುಕಡಿಮೆಯಾಯಿತೋ, ಮಾರನೆಯ ದಿನ ಪೇಪರಿನಲ್ಲಿ 'ಅನಸ್ತೇಶಿಯಾ ಓವರ್‌ಡೋಸ್' ಎಂದು ಬರುತ್ತದೆ. ಒಟ್ಟಿನಲ್ಲಿ ನಮ್ಮ ಕಸುಬಿನ ಹೆಸರನ್ನು ಸರಿಯಾಗಿ ಬರೆಯುವುದು ಅಲ್ಲಿ ಮಾತ್ರ.

ಅಕ್ಟೋಬರ್ 16 ವಿಶ್ವ ಅರಿವಳಿಕೆ ದಿನ. 1846ರ ಅದೇ ದಿನ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ಡಾಕ್ಟರು ರೋಗಿಗೆ ಈಥರ್ ಮೂಸಿಸಿದ. ಸರ್ಜನ್ ವಾರೆನ್ ಕುತ್ತಿಗೆಯ ಗಡ್ಡೆ ತೆಗೆದರು. ಔಷಧಿ ಈಥರ್ ಎಂದು ಯಾರಿಗೂ ತಿಳಿಯದಿರಲಿ ಎಂದು ಮಾರ್ಟನ್ ಅದಕ್ಕೆ ಬಣ್ಣ, ಸುಗಂಧ ಬೆರೆಸಿ, ಲೀಥಿಯಾನ್ ಎಂದು ಹೆಸರಿಟ್ಟು, ಪೇಟೆಂಟನ್ನೂ ಹೊಡೆದ. ಹೆಸರಿಗಾಗಿ ಉಳಿದ ಜೀವನವೆಲ್ಲ ಬಡಿದಾಡಿದ. ನಮ್ಮವರ ಪಾಲಿನ ಬಡಿದಾಟವೆಲ್ಲ ಅವನೊಬ್ಬನಲ್ಲೇ ಖರ್ಚಾಗಿಹೋಯಿತೆಂದು ಕಾಣುತ್ತದೆ. ಏಕೆಂದರೆ ನಮ್ಮ ವಿಭಾಗದಲ್ಲಿ ಆ ದಿನದ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ನಾವು ಕರೆದದ್ದು ಸರ್ಜನ್ನರನ್ನು. ನಲವತ್ತು ನಿಮಿಷ ತಡವಾಗಿ ಬಂದು, "ಇವರು ಮಲಗಿಸದಿದ್ದರೆ ನಾವಿಲ್ಲ" ಎಂದು ಹೊಗಳಿ, ಶಾಲು ಹೊದಿಸಿಕೊಂಡು ಹೋದರು. ಶಾಲಿನ ದುಡ್ಡು ನಮ್ಮ ಚಂದಾ.

ಮಲಗಿಸುವುದೇನು ಮಹಾ! ಹಾಲಿನ ಬಣ್ಣದ ಪ್ರೊಪೊಫಾಲ್ ನರಕ್ಕೆ ಹೋದರೆ ನಿಮಿಷದೊಳಗೆ ಎಂಥವರೂ ಮಲಗುತ್ತಾರೆ. ಆಮೇಲೆ ಅವರ ಉಸಿರು, ಬಿಪಿ, ಆಕ್ಸಿಜನ್ ಎಲ್ಲವನ್ನೂ ಹಿಡಿದುಕೊಂಡು ಕೂತು, ಕೊನೆಗೆ ಎಬ್ಬಿಸಬೇಕಲ್ಲ, ಎಂಡಿ ಓದಿದ್ದು ಅದಕ್ಕೆ. ಈ ಸಂಗತಿ ನನ್ನ ಅತ್ತಿಗೆಗೂ ಗೊತ್ತಿಲ್ಲ. ಅವರ ಪ್ರಕಾರ ನಾನು ಬೆನ್ನಿಗೆ ಸೂಜಿ ಕೊಡುವವಳು. ಹತ್ತೊಂಬತ್ತು ವರ್ಷದ ಹಿಂದೆ ಸಿಸೇರಿಯನ್ ಆದಾಗಿನ ಸೂಜಿ ಅವರಿಗಿನ್ನೂ ನೋಯುತ್ತಿದೆ. ಮೋಡ ಕವಿದರೂ ಆ ಸೂಜಿ, ಗ್ಯಾಸ್ ಸಿಲಿಂಡರ್ ಎಳೆದರೂ ಆ ಸೂಜಿ. ಅದರ ದಪ್ಪ ಅರ್ಧ ಮಿಲಿಮೀಟರು, ಚುಚ್ಚುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ, ಸೂಜಿ ಕಾಣದೆ ಹೆತ್ತವರಿಗೂ ಸೊಂಟ ನೋವು ಬರುತ್ತದೆ ಎಂದೆಲ್ಲ ಹೇಳಿನೋಡಿದೆ. "ನಿಮ್ಮೋರನ್ನ ನೀವು ಬಿಟ್ಟುಕೊಡ್ತೀರಾ?" ಎಂದರು.

ನಿಜವಾಗಿ ದೂರುವುದಾದರೆ ಆಗಸ್ಟ್ ಬಿಯರ್‌ನನ್ನು ದೂರಬೇಕು. 1898ರಲ್ಲಿ ಜರ್ಮನಿಯಲ್ಲಿ ಈ ಸೂಜಿಯನ್ನು ಮೊದಲು ಆಪರೇಷನ್ನಿಗೆ ಬಳಸಿದವನು ಅವನು. ಸರ್ಜನ್, ಸಹಜವಾಗಿಯೇ. ಮೊದಲು ತನಗೇ ಕೊಡಿಸಿಕೊಳ್ಳಲು ಹೋದ, ಸಿರಿಂಜು ಸೂಜಿಗೆ ಕೂರಲಿಲ್ಲ. ಆಗ ಅಸಿಸ್ಟೆಂಟ್ ಹಿಲ್ಡೆಬ್ರಾಂಟ್ ತಾನು ಬೆನ್ನು ಕೊಟ್ಟ. ಕಾಲು ಮರಗಟ್ಟಿದೆಯೋ ಇಲ್ಲವೋ ನೋಡಲು ಬಿಯರ್ ಅವನಿಗೆ ಉರಿಯುವ ಚುಟ್ಟಾ ತಾಗಿಸಿದ, ಮೊಣಕಾಲಿನ ಕೆಳಗಿನ ಎಲುಬಿಗೆ ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದ. ಆಮೇಲೆ ಇಬ್ಬರೂ ವೈನ್ ಕುಡಿದು ಸಂಭ್ರಮಿಸಿದರು. ಮಾರನೆಯ ದಿನ ಏಟಿನ ಗುರುತು ಅಸಿಸ್ಟೆಂಟಿನ ಕಾಲಲ್ಲಿ, ಹೆಸರು ಸರ್ಜನ್ನಿನದು. ಪದ್ಧತಿ ಆಗಲೇ ಶುರುವಾಗಿತ್ತು.

ಇನ್ನು ಉಪ್ಪಿಟ್ಟು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರನ್ನು "ಬೆಳಗ್ಗೆ ಊಟ ಮಾಡಿದ್ದೀರಾ?" ಎಂದು ಕೇಳಿದರೆ, ದೇವರಾಣೆಗೂ ಇಲ್ಲ ಎನ್ನುತ್ತಾರೆ. ಸುಳ್ಳಲ್ಲ. ನಮ್ಮಲ್ಲಿ ಊಟವೆಂದರೆ ಅನ್ನ, ಮುದ್ದೆ, ರೊಟ್ಟಿ. ಉಪ್ಪಿಟ್ಟು ತಿಂಡಿ. ಏಕಾದಶಿಯ ಉಪವಾಸಕ್ಕೇ ನಡೆಯುವ ಉಪ್ಪಿಟ್ಟು ನನ್ನ ಉಪವಾಸಕ್ಕೆ ಯಾಕೆ ನಡೆಯಬಾರದು? ನಡೆಯುವುದಿಲ್ಲ, ಯಾಕೆಂದರೆ ಅರಿವು ತಪ್ಪಿದ ಮೇಲೆ ಗಂಟಲಿನ ಕಾವಲೂ ತಪ್ಪುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಕೇಸು ಮುಂದಕ್ಕೆ ಹಾಕುತ್ತೇನೆ. ಸರ್ಜನ್ ಹೊರಗೆ ಹೋಗಿ "ನಾವು ರೆಡಿ ಇದ್ವಿ, ಅನಸ್ತೇಶಿಯಾ ಮೇಡಮ್ ಒಪ್ತಿಲ್ಲ" ಎನ್ನುತ್ತಾರೆ. ಆ ಒಂದು ದಿನ ಮಾತ್ರ ಇಡೀ ಕಾರಿಡಾರಿಗೆ ನಾನು ಡಾಕ್ಟರೆಂದು ಗೊತ್ತಾಗುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ ಬನ್ನಿ. ಸಿಸ್ಟರ್ ಎಂದೇ ಕರೆಯಿರಿ, ಅಡ್ಡಿಯಿಲ್ಲ. ಉಪ್ಪಿಟ್ಟಿನ ವಿಷಯ ಮಾತ್ರ ಬಾಯಿಬಿಟ್ಟು ಹೇಳಿ. ಹಾಲು ಹಾಕಿದ ಕಾಫಿ ಕುಡಿದಿದ್ದರೆ ಅದನ್ನೂ.