ಹದಿನೈದು ಚುಕ್ಕಿ, ಅರ್ಧ ಸೇರು ಅವರೆ

ನಮ್ಮ ಮನೆಯ ಬೀರುವಿನಲ್ಲಿ ಬರೆಯದ ನೋಟುಬುಕ್ಕುಗಳು ಏಳಿವೆ. ಒಂದಕ್ಕೆ ಚರ್ಮದ ರಟ್ಟು, ಒಂದಕ್ಕೆ ಇಳಕಲ್ಲಿನ ಬಟ್ಟೆಯ ಹೊದಿಕೆ, ಇನ್ನೊಂದು ಮಗಳು ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಎಲ್ಲದರ ಮೊದಲ ಪುಟದಲ್ಲೂ ‘ಶ್ರೀ’ ಇದೆ, ಕೆಳಗೆ ತಾರೀಖಿದೆ. ಮೂರರಲ್ಲಿ ಒಂದು ವಾಕ್ಯವೂ ಉಂಟು, ಮೂರರಲ್ಲೂ ಅದೇ ವಾಕ್ಯ: ‘ಇಂದಿನಿಂದ ದಿನವೂ ಬೆಳಗ್ಗೆ ಐದಕ್ಕೆ ಎದ್ದು ಒಂದು ಪುಟ ಬರೆಯತಕ್ಕದ್ದು.’

ಕೆಟ್ಟದ್ದು ಆ ‘ತಕ್ಕದ್ದು’ವಿನಿಂದಲೇ ಇರಬೇಕು. ಕಚೇರಿಯ ಸುತ್ತೋಲೆಗಾದರೆ ಸರಿ. ಹಾಗಂತ ನಾನು ಏಳಲಿಲ್ಲವೆಂದಲ್ಲ. ಎದ್ದೆ, ಮುಖ ತೊಳೆದೆ, ಮೇಜಿನ ಮುಂದೆ ಕೂತು ಪೆನ್ನಿನ ಮುಚ್ಚಳವನ್ನೂ ತೆಗೆದೆ. ತಲೆಗೆ ಹೊಳೆದದ್ದು ಒಂದೇ: ಸಂಪಿಗೆ ನೀರು ಬಂದಿರಬಹುದು, ಮೋಟರು ಹಾಕಬೇಕು.

ಅದೇ ಹೊತ್ತಿಗೆ ಗೇಟಿನಾಚೆ ಅಮ್ಮ ನೀರು ಚಿಮುಕಿಸಿ ರಂಗೋಲಿಗೆ ಬಗ್ಗಿರುತ್ತಿದ್ದಳು. ಅವಳಿಗೂ ಒಂದು ಪುಸ್ತಕವಿತ್ತು. ಯಾವುದೋ ಬ್ಯಾಂಕಿನವರು ಹಂಚಿದ್ದ ಹಳೆಯ ಡೈರಿ. ಎಡಪುಟದಲ್ಲಿ ಹಾಲಿನ ಲೆಕ್ಕ, ಬಲಪುಟದಲ್ಲಿ ರಂಗೋಲಿ. ಹಾಲಿನವನಿಗೆ ಬಾಕಿ ಹನ್ನೆರಡು ರೂಪಾಯಿ ಅನ್ನುವುದರ ಪಕ್ಕದಲ್ಲೇ ಒಂದು ತೇರು, ಮೂರು ನವಿಲು. ‘ಶ್ರೀ’ ಮಾತ್ರ ಎಲ್ಲೂ ಇಲ್ಲ, ಒಂದು ಪುಟವೂ ಖಾಲಿಯಿಲ್ಲ.

ಧನುರ್ಮಾಸ ಬಂದರೆ ದೊಡ್ಡವು ಹೊರಬರುತ್ತಿದ್ದವು. ‘ಹದಿನೈದು ಚುಕ್ಕಿ, ಎಂಟರವರೆಗೆ, ಮಧ್ಯ ಚುಕ್ಕಿ’ ಅಂದರೆ ನಡುವಿನ ಸಾಲಿನಲ್ಲಿ ಹದಿನೈದು, ಮೇಲೂ ಕೆಳಗೂ ಸಾಲಿಗೊಂದರಂತೆ ಕಡಿಮೆಯಾಗುತ್ತ ಎಂಟಕ್ಕೆ ನಿಲ್ಲುವುದು, ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಕೂರುವುದು. ಬರೆಯಲು ಕೂತು ಏನೂ ತೋಚದ ಒಂದು ಬೆಳಗ್ಗೆ ನಾನು ಲೆಕ್ಕ ಹಾಕಿದೆ: ಒಟ್ಟು 169. ಅಮ್ಮನಿಗೆ ಹೇಳಿದೆ. ‘ಹೌದೇನೋ? ನಾನು ಎಣಿಸಿಯೇ ಇಲ್ಲ’ ಅಂದಳು.

ಒಂದು ದಿನ ನಾನು ಹಲ್ಲುಜ್ಜುತ್ತ ನೋಡುತ್ತಿದ್ದೆ. ಕೊನೆಯ ಸಾಲಿನಲ್ಲಿ ಒಂದು ಚುಕ್ಕಿ ಹೆಚ್ಚಾಯಿತು. ಅಮ್ಮ ಅಳಿಸಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವಿಂದ ಪುಡಿ ಸಣ್ಣಗೆ ಇಳಿಯಿತು, ಚುಕ್ಕಿಗೊಂದು ಕೊಕ್ಕು ಮೂಡಿತು, ಆಮೇಲೆ ಬಾಲ. ತಾವರೆಯ ಅಂಚಿನಲ್ಲೊಂದು ಗುಬ್ಬಿ. ಎದುರು ಮನೆಯಾಕೆ ಬಂದು ‘ಹೊಸ ಮಾದರೀನಾ?’ ಅಂತ ಕೇಳಿ ಬರೆದುಕೊಂಡೂ ಹೋದರು. ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಗುಬ್ಬಿಯಿಲ್ಲದ ತಾವರೆಯೇ ಇರಲಿಲ್ಲ. ಏಳು ಗಂಟೆಗೆ ಪೇಪರಿನ ಹುಡುಗ ಸೈಕಲನ್ನು ಗುಬ್ಬಿಯ ಮೇಲೆಯೇ ಹಾಯಿಸಿಕೊಂಡು ಹೋದ. ನನಗೆ ಹೊಟ್ಟೆ ಉರಿಯಿತು. ಅಮ್ಮ ಆಗಲೇ ಒಳಗೆ ಕಾಫಿ ಸೋಸುತ್ತಿದ್ದಳು.

ದೊಡ್ಡವರ ದಿನಚರಿಯಿಂದ ಏನಾದರೂ ಕದಿಯೋಣವೆಂದು ನಾನು ಪ್ರಯತ್ನಪಟ್ಟದ್ದುಂಟು. ಕುವೆಂಪು ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ತಿರುಗಾಡುತ್ತಿದ್ದವರು. ಬಾನಿನಲ್ಲಿ ಹಾದುಹೋದ ಹಕ್ಕಿಸಾಲು ನೋಡಿ ‘ದೇವರು ರುಜು ಮಾಡಿದನು’ ಬರೆದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆ ಕೆರೆಗೆ ನಾನೂ ಹೋದೆ. ಹಕ್ಕಿಗಳಿಗೇನೂ ಕೊರತೆಯಿರಲಿಲ್ಲ, ಹೆಜ್ಜಾರ್ಲೆಗಳು ಬಿಂಕದಿಂದ ತೇಲುತ್ತಿದ್ದವು. ಆದರೆ ನಾನು ಮೊಬೈಲಿನಲ್ಲಿ ಹೆಜ್ಜೆ ಎಣಿಸುವುದರಲ್ಲಿದ್ದೆ. 6,214 ಹೆಜ್ಜೆಯಾಯಿತು, ರುಜು ಬಿದ್ದದ್ದು ಕಾಣಲಿಲ್ಲ.

ಮಾಸ್ತಿಯವರದು ನನಗೆ ಹೆಚ್ಚು ಒಗ್ಗುವ ಅಭ್ಯಾಸ. ಸಂಜೆಯಾದರೆ ಕೊಡೆ ಹಿಡಿದು ನಡೆದುಕೊಂಡೇ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟಾಡುತ್ತಿದ್ದರು. ನೂರಕ್ಕೂ ಹೆಚ್ಚು ಪುಸ್ತಕ ಬರೆದವರ ನಿತ್ಯವ್ರತ ಇದು! ನನ್ನವಳಿಗೆ ಇದನ್ನು ಭಕ್ತಿಯಿಂದ ವಿವರಿಸಿದೆ. ‘ಅವರಿಗೆ 1983ರ ಜ್ಞಾನಪೀಠ ಬಂತಲ್ಲವೇ? ನಿಮಗೂ ಬರಲಿ, ಆಮೇಲೆ ಎಲೆ ಹಾಕುವಿರಂತೆ’ ಅಂದು ಮುಂದೆ ಒಂದು ಮೊರ ತಂದಿಟ್ಟಳು. ಮೊರದಲ್ಲಿ ನೆನೆಸಿದ ಅವರೆಕಾಳು.

ಹಿತಕವರೆ ಮಾಡಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ತುಸು ಒತ್ತಬೇಕು. ಸಿಪ್ಪೆ ಕೈಯಲ್ಲುಳಿದು ಬೇಳೆ ಪಕ್ಕನೆ ಜಾರುತ್ತದೆ. ಜೋರು ಮಾಡಿದರೆ ಗೋಡೆಗೆ ಹಾರುತ್ತದೆ. ಮೊದಲ ಹತ್ತು ನಿಮಿಷ ಸಿಟ್ಟು, ಆಮೇಲಿನ ಹತ್ತು ನಿಮಿಷ ಬೆನ್ನುನೋವು. ಅದೂ ಕಳೆದ ಮೇಲೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ತಲೆಗೆ ಮಾಡಲು ಕೆಲಸವಿರುವುದಿಲ್ಲ. ಆಗ ಅದು ದನ ಬಿಚ್ಚಿಕೊಂಡಂತೆ ಎಲ್ಲೆಲ್ಲಿಗೋ ಹೋಗಿ ಮೇಯುತ್ತದೆ. ಎಂದೋ ಅರ್ಧಕ್ಕೆ ಬಿಟ್ಟ ಕಥೆಯ ಮುದುಕ ಸೊಗಡಿನ ವಾಸನೆ ಹಿಡಿದು ಎದ್ದು ಬರುತ್ತಾನೆ. ಐದು ಗಂಟೆಗೆ ಎದ್ದು ಕರೆದಾಗ ಒಂದು ದಿನವೂ ಬಂದವನಲ್ಲ.

ಅಮ್ಮನಿಗೆ ಈಗ ಎಂಬತ್ತೊಂದು. ಮಂಡಿ ಮಡಿಸಲಾಗದು, ಮಣೆ ಬಿಟ್ಟು ಸ್ಟೂಲಿನ ಮೇಲೆ ಕೂತೇ ನಾಲ್ಕು ಚುಕ್ಕಿಯ ರಂಗೋಲಿ ಇಡುತ್ತಾಳೆ. ಅವರೆ ಹಿತಕುವುದರಲ್ಲಿ ಮಾತ್ರ ಇಂದಿಗೂ ನನ್ನ ಎರಡರಷ್ಟು ಬಿರುಸು. ಮೊನ್ನೆ ಮೂವರೂ ಮೊರದ ಸುತ್ತ ಕೂತಿದ್ದಾಗ ಆ ಮುದುಕ ಕೊನೆಗೂ ಬಾಯಿ ಬಿಟ್ಟ. ಎಂಥ ಮಾತು! ಬರೆದುಕೊಳ್ಳಬೇಕೆಂದು ದಡಬಡಿಸಿ ಎದ್ದೆ. ಕೈ ತೊಳೆದು, ಇಳಕಲ್ಲಿನ ನೋಟುಬುಕ್ಕು ಹುಡುಕಿ, ಪೆನ್ನು ಹುಡುಕಿ, ‘ಶ್ರೀ’ಯ ಕೆಳಗೆ ತಾರೀಖು ಹಾಕಿ ನೋಡಿದರೆ ಮಾತು ಹೋಗಿತ್ತು. ಪೆಚ್ಚಾಗಿ ಹಿಂದಿರುಗಿ ನಿಂತೆ.

‘ಮರೆತುಹೋಯಿತು’ ಅಂದೆ.

‘ಹೋದರೆ ಹೋಗಲಿ, ಕೂತ್ಕೋ’ ಅಂದಳು ಅಮ್ಮ, ಮೊರ ನನ್ನತ್ತ ಸರಿಸುತ್ತ. ‘ಇನ್ನೂ ಅರ್ಧ ಸೇರು ಇದೆ.’