ಮೊಸರಿನಲ್ಲಿ ಕಲ್ಲು

ಬೆಂಗಳೂರಿನ ಯಾವುದಾದರೂ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋಗಿ, ತಣ್ಣಗೆ ಗುಂಯ್ ಎನ್ನುವ ಗಾಜಿನ ಕಪಾಟುಗಳ ಎದುರು ಒಂದು ಗಳಿಗೆ ನಿಂತು ನೋಡಿ. ಅಕ್ಕಿ ಬೇಳೆ ಇಟ್ಟ ಕಡೆ ಜನ ಸರಸರ ಕೈ ಹಾಕಿ ಎತ್ತಿಕೊಂಡು ಹೋಗುತ್ತಾರೆ. ಸೋಪಿನ ಹತ್ತಿರವಂತೂ ಯಾರೂ ಯೋಚಿಸುವುದೇ ಇಲ್ಲ. ಮೊಸರಿನ ಮುಂದೆ ಮಾತ್ರ ಎಲ್ಲರೂ ಪಂಡಿತರು. ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಮೂಗಿನ ತುದಿಗೆ ತಂದು, ತಿರುಗಿಸಿ ಮುರುಗಿಸಿ ಓದುತ್ತಾರೆ. ಇಲ್ಲದ ತಪ್ಪನ್ನು ಕೆದಕುವವನನ್ನು ‘ಮೊಸರಿನಲ್ಲಿ ಕಲ್ಲು ಹುಡುಕ್ತಾನೆ’ ಎಂದು ಬಯ್ಯುತ್ತಿದ್ದ ಕಾಲವೊಂದಿತ್ತು. ಈಗ ಡಾಕ್ಟರೇ ಆ ಕೆಲಸಕ್ಕೆ ನಮ್ಮನ್ನು ಹಚ್ಚಿದ್ದಾರೆ.

ನಮ್ಮ ಮನೆಯಲ್ಲಿ ಮೊಸರು ತರುವ ಖಾತೆ ನನ್ನದು. ಹೊರಡುವಾಗ ಹೆಂಡತಿ ಹೇಳುವುದು ಒಂದೇ ಮಾತು: “ರೀ, ನೋಡಿ ತನ್ನಿ.” ಏನನ್ನು ನೋಡಬೇಕು ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಮೊದಲು ತಾರೀಖು ನೋಡಿದರೆ ಸಾಕಿತ್ತು. ಆಮೇಲೆ ಜಿಡ್ಡು ಎಷ್ಟು ಅಂತ ನೋಡಬೇಕಾಯಿತು. ಈಗ ಮಗಳು ಜಿಮ್ಮಿಗೆ ಸೇರಿದ ಮೇಲೆ ಪ್ರೋಟೀನ್ ಎಷ್ಟು ಅಂತ. “ಅಪ್ಪಾ, ಗ್ರೀಕ್ ಯೋಗರ್ಟ್ ತಗೊಂಬಾ. ಫ್ಲೇವರ್ ಇರೋದು ಬೇಡ, ಪ್ಲೇನ್. ಆಮೇಲೆ ‘ಗ್ರೀಕ್ ಸ್ಟೈಲ್’ ಅಂತ ಇದ್ರೆ ಹಿಂದೆ ಓದು.” ಮೊಸರಿನ ಹಿಂದೆ ಓದುವಂಥದ್ದು ಇದೆ ಎಂದು ನಮ್ಮ ತಾತನಿಗೆ ಹೇಳಿದ್ದರೆ ಗಡಿಗೆಯನ್ನು ಬೋರಲು ಹಾಕಿ ನೋಡುತ್ತಿದ್ದರೇನೋ.

ಈ ಗ್ರೀಕ್ ಮಹಾಶಯನನ್ನು ಸ್ವಲ್ಪ ವಿಚಾರಿಸಿಕೊಂಡೆ. ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ನಲ್ಲಿಗೋ ಕಿಟಕಿಯ ಸರಳಿಗೋ ತೂಗುಹಾಕಿ, ನೀರೆಲ್ಲ ತೊಟ್ಟಿಕ್ಕಿದ ಮೇಲೆ ಉಳಿಯುತ್ತದಲ್ಲ, ಅದೇ ಇವನು. ಶ್ರೀಖಂಡ ಮಾಡುವವರ ಮನೆಯಲ್ಲಿ ಅವನು ಎಂದಿನಿಂದಲೋ ತೂಗಾಡಿಕೊಂಡೇ ಇದ್ದಾನೆ. ಯಾರೂ ಅವನ ಊರು ಕೇಳಿರಲಿಲ್ಲ. ನೀರು ಹೋದದ್ದರಿಂದ ಉಳಿದದ್ದರಲ್ಲಿ ಸತ್ವ ದಟ್ಟವಾಗುತ್ತದೆ. ಮಾಮೂಲಿ ಮೊಸರಿನಲ್ಲಿ 100 ಗ್ರಾಂಗೆ ಮೂರು ನಾಲ್ಕು ಗ್ರಾಂ ಪ್ರೋಟೀನ್ ಇದ್ದರೆ, ಸರಿಯಾಗಿ ಸೋಸಿದ್ದರಲ್ಲಿ ಅದರ ಎರಡರಷ್ಟೋ ಇನ್ನೂ ಸ್ವಲ್ಪ ಹೆಚ್ಚೋ ಸಿಗುತ್ತದೆ. ಬೆಲೆಯೂ ದಟ್ಟವಾಗುತ್ತದೆ, ಆದರೆ ಎರಡರಷ್ಟಕ್ಕೆ ನಿಲ್ಲುವುದಿಲ್ಲ. ‘ಸ್ಟೈಲ್’ ಎಂದು ಬಾಲ ಹಚ್ಚಿಕೊಂಡ ಕೆಲವಲ್ಲಿ ಸೋಸುವ ತಾಪತ್ರಯವೇ ಇಲ್ಲ. ಹಾಲಿನ ಪುಡಿಯನ್ನೋ ಪಿಷ್ಟವನ್ನೋ ಬೆರೆಸಿ ಗಟ್ಟಿ ಮಾಡಿರುತ್ತಾರೆ. ಹೆಂಡತಿ ಇದನ್ನೆಲ್ಲ ಕೇಳಿ, ಒಂದು ಹಳೇ ಪಂಚೆಯ ತುಂಡು ಹುಡುಕಿ, ಅರ್ಧ ಲೀಟರ್ ಮೊಸರು ಕಟ್ಟಿ ಸಿಂಕಿನ ಮೇಲೆ ನೇತುಹಾಕಿದಳು. ಸೋರಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿದಳು. ಮಗಳು ಬಂದು ರುಚಿ ನೋಡಿ, “ಸೇಮ್ ಇದೆ” ಎಂದಳು. ಪಂಚೆಯ ಸಂಗತಿಯನ್ನು ನಾವು ಅವಳಿಗೆ ಹೇಳಿಲ್ಲ.

ಅಂಗಡಿಗೇ ಮರಳೋಣ. ಅಲ್ಲಿ ಒಬ್ಬ ಹಿರಿಯ ಹೆಂಗಸು ನನಗೆ ಆಗಾಗ ಸಿಗುತ್ತಾರೆ. ಅವರು ಓದುವುದಿಲ್ಲ, ಪ್ಯಾಕೆಟ್ಟನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುತ್ತಾರೆ, ಡಬ್ಬಿಯಾದರೆ ಓರೆ ಮಾಡುತ್ತಾರೆ. “ಏನಮ್ಮಾ ನೋಡ್ತಿದೀರಿ?” ಎಂದು ಕೇಳಿದೆ. “ನೀರು ಬಿಟ್ಟಿದೆಯಾ ಅಂತ ಕಣಪ್ಪಾ. ಬಿಟ್ಟಿದ್ರೆ ಒಳ್ಳೇದು.” ನಾನು ಉಲ್ಟಾ ಅಂದುಕೊಂಡಿದ್ದೆ. ಅವರು ಹೇಳಿದ್ದೇ ನ್ಯಾಯ. ಮೊಸರು ಅಂದಮೇಲೆ ಅಂಚಿನಲ್ಲಿ ತುಸು ತಿಳಿನೀರು ಬಿಡಲೇಬೇಕು; ಅದೇನೂ ಕೆಟ್ಟದ್ದರ ಗುರುತಲ್ಲ. ದಿನಗಟ್ಟಲೆ ಇಟ್ಟರೂ ಒಂದು ಹನಿ ಬಿಡದೆ ಹೊಳೆಯುತ್ತ ಕೂತಿದೆ ಎಂದರೆ, ಅದನ್ನು ಹಾಗೆ ಕೂರಿಸಲು ಒಳಗೆ ಪೆಕ್ಟಿನ್ನೋ ಪಿಷ್ಟವೋ ಇರಬಹುದೆಂದು ಅನುಮಾನಿಸಬೇಕು. ಅವು ವಿಷವಲ್ಲ, ನಿಜ. ಆದರೆ ಮೊಸರಿನ ದುಡ್ಡು ಕೊಟ್ಟು ಅಂಬಲಿ ಏಕೆ ಕೊಳ್ಳಬೇಕು?

ಓದಲೇಬೇಕು ಎನ್ನುವವರು ಮುಂಭಾಗವನ್ನು ಬಿಟ್ಟುಬಿಡಿ. ಅಲ್ಲಿ ಮಾವಿನಹಣ್ಣು, ಸ್ಟ್ರಾಬೆರಿ, ಯೋಗಾಸನ ಹಾಕಿದ ಹುಡುಗಿ, ಎಲ್ಲ ಸುಖವಾಗಿರುತ್ತಾರೆ. ಹಿಂದೆ, ಇರುವೆಸಾಲಿನ ಅಕ್ಷರದಲ್ಲಿ, ಏನೇನು ಹಾಕಿದ್ದೇವೆ ಎಂದು ಬರೆದಿರುತ್ತದೆ. ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು ಬರಬೇಕೆಂಬುದು ಕಾನೂನು. ಹಾಲು, ಆಮೇಲೆ ಸಕ್ಕರೆ, ಹಣ್ಣು ಎಲ್ಲೋ ಕೊನೆಯ ಬೆಂಚಿನಲ್ಲಿ ಇದ್ದರೆ ಅದು ಮೊಸರಲ್ಲ, ಪಾಯಸದ ದಾಯಾದಿ. ಸಕ್ಕರೆಯ ಲೆಕ್ಕದಲ್ಲಿ ಮಾತ್ರ ಗಾಬರಿ ಬೀಳಬೇಡಿ: ಸಪ್ಪೆ ಮೊಸರಿನಲ್ಲೂ 100 ಗ್ರಾಂಗೆ ನಾಲ್ಕೈದು ಗ್ರಾಂ ಸಕ್ಕರೆ ಇರುತ್ತದೆ, ಅದು ಹಾಲಿನದೇ. ಒಟ್ಟು 14 ಗ್ರಾಂ ಎಂದಿದ್ದರೆ ಮಿಕ್ಕ ಒಂಬತ್ತು ಹತ್ತು ಗ್ರಾಂ ಮೇಲಿಂದ ಸುರಿದದ್ದು. ಅಂದರೆ ಎರಡು ಟೀ ಚಮಚಕ್ಕೂ ಮಿಗಿಲು. ದಿನಕ್ಕೆ ಹೀಗೆ ಸೇರುವ ಸಕ್ಕರೆ 25 ಗ್ರಾಂ ದಾಟದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಂದು ಪುಟ್ಟ ಡಬ್ಬಿ ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ನುಂಗಿ ‘ಹೆಲ್ದಿ’ ಎಂದು ಹಣೆಗೆ ಬರೆದುಕೊಂಡಿರುತ್ತದೆ. ‘ಫ್ಯಾಟ್ ಫ್ರೀ’ ಎಂದಿದ್ದರಂತೂ ಇನ್ನೊಂದು ಸಲ ಓದಿ. ಜಿಡ್ಡು ತೆಗೆದಾಗ ರುಚಿಯೂ ಹೋಗುತ್ತದೆ. ಹೋದ ರುಚಿಯನ್ನು ಕರೆತರಲು ಸಕ್ಕರೆಯನ್ನೇ ಕಳಿಸುವುದು ರೂಢಿ.

ಜಿಡ್ಡಿನ ಮಾತು ಬಂದರೆ ಧಾರವಾಡದ ಗೆಳೆಯರೊಬ್ಬರು ಸುಮ್ಮನಿರುವುದಿಲ್ಲ. ಅವರ ಊರಿನಲ್ಲಿ ಎಮ್ಮೆ ಹಾಲಿನ ಗಡಿಗೆ ಮೊಸರನ್ನು ಚಾಕುವಿನಿಂದ ಕೊಯ್ಯಬಹುದು. ಅವರು ನಮ್ಮ ಮನೆಯಲ್ಲಿ ಪ್ಯಾಕೆಟ್ ಮೊಸರು ಬಡಿಸಿದಾಗ ಬಟ್ಟಲನ್ನು ಅಲ್ಲಾಡಿಸಿ, “ಇದೇನ್ರೀ, ಮೊಸರೋ ಮಜ್ಜಿಗಿಯೋ?” ಎಂದು ಕೇಳಿದರು. ನಾನು ಅವರಿಗೆ ಟೋನ್ಡ್ ಹಾಲಿನ ಪುರಾಣ ಹೇಳಬೇಕಾಯಿತು. 1946ರ ಸುಮಾರಿಗೆ ಮುಂಬಯಿಯಲ್ಲಿ ದಾರಾ ಖುರೋಡಿ ಎಂಬವರು, ಜಿಡ್ಡಿನ ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ, ನೀರು ಸೇರಿಸಿ, ಇದ್ದ ಹಾಲನ್ನೇ ಹೆಚ್ಚು ಮನೆಗಳಿಗೆ ಕಡಿಮೆ ಬೆಲೆಗೆ ಮುಟ್ಟಿಸುವ ದಾರಿ ಕಂಡುಹಿಡಿದರು. ಇಂದಿಗೂ ಟೋನ್ಡ್ ಎಂದರೆ ಶೇ. 3 ಜಿಡ್ಡು, ಶೇ. 8.5 ಉಳಿದ ಘನಾಂಶ. ನಗರದ ಮುಕ್ಕಾಲು ಮೊಸರನ್ನ ನಿಂತಿರುವುದು ಇದರ ಮೇಲೆಯೇ ಎಂದು ನನ್ನ ಅಂದಾಜು. ಗೆಳೆಯರು ಎಲ್ಲ ಕೇಳಿ, “ಅಂದ್ರ ನೀರು ಹಾಕಿದ್ದು ಖರೆ ಐತಿ” ಎಂದು ತೀರ್ಪು ಕೊಟ್ಟರು.

‘ಪ್ರೋಬಯೋಟಿಕ್’ ಎನ್ನುವ ಪುಟಾಣಿ ಬಾಟಲಿಗಳ ಸಾಲಿಗೆ ಬಂದಾಗ ನನಗೆ ಮೆಚ್ನಿಕಾಫ್ ನೆನಪಾಗುತ್ತಾರೆ. ರಷ್ಯಾದವರು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದು 1908ರಲ್ಲಿ ನೊಬೆಲ್ ಹಂಚಿಕೊಂಡವರು. ಬಲ್ಗೇರಿಯಾದ ರೈತರು ಬಹುಕಾಲ ಬಾಳುವುದು ಹುಳಿ ಹಾಲಿನಿಂದಲೇ ಎಂದು ನಂಬಿ, ತಾವೂ ತಪ್ಪದೆ ಕುಡಿದು, ಊರಿಗೆಲ್ಲ ಸಾರಿದರು. ಅವರು ತೀರಿಕೊಂಡದ್ದು 1916ರಲ್ಲಿ, 71ನೇ ವಯಸ್ಸಿಗೆ. ನಮ್ಮ ಸೋದರತ್ತೆ ಯಾವ ಸಿದ್ಧಾಂತವೂ ಇಲ್ಲದೆ, ಮೊಸರಿಲ್ಲದೆ ಕೈ ತೊಳೆಯದೆ, ತೊಂಬತ್ತು ದಾಟಿದರು. ಆ ಬಲ್ಗೇರಿಯಾದ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ಬಿಡಾರ ಹೂಡುವುದಿಲ್ಲ, ಬಂದ ನೆಂಟನಾಗಿ ಹೊರಟುಹೋಗುತ್ತದೆ ಎಂದು ಮುಂದಿನವರು ಕಂಡುಕೊಂಡರು. ಆದರೂ ಮಾತು ಹಬ್ಬಿಯಾಗಿತ್ತು. 1919ರಲ್ಲಿ ಬಾರ್ಸಿಲೋನಾದಲ್ಲಿ ಐಸಾಕ್ ಕರಾಸೊ ಎಂಬವರು ಪಾಶ್ಚರ್ ಸಂಸ್ಥೆಯ ಹೆಪ್ಪಿನಿಂದ ಮೊಸರು ಮಾಡಿ ಔಷಧಿ ಅಂಗಡಿಗಳಲ್ಲಿ ಮಾರಿಸಿದರು. ಮಗ ಡೇನಿಯಲ್‌ನ ಮುದ್ದಿನ ಹೆಸರನ್ನೇ ಅದಕ್ಕಿಟ್ಟು ಡ್ಯಾನೋನ್ ಎಂದರು. ಮೊಸರು ಮೊದಲ ಸಲ ‘ಹೆಲ್ತ್’ ಎಂಬ ಕೋಟು ತೊಟ್ಟದ್ದು ಸುಮಾರಾಗಿ ಆಗಲೇ ಇರಬೇಕು. ಅದೇ ಕಂಪನಿ ಭಾರತಕ್ಕೂ ಬಂದು, 2018ರಲ್ಲಿ ಇಲ್ಲಿನ ಹಾಲು ಮೊಸರಿನ ವ್ಯಾಪಾರ ಕೈಬಿಟ್ಟಿತು. ಮನೆಮನೆಯಲ್ಲೂ ಒಂದು ಡೇರಿ ನಡೆಯುವ ದೇಶದಲ್ಲಿ ಪಾಪ ಇನ್ನೇನು ಮಾಡಲಾದೀತು.

ನಮ್ಮ ಸರ್ಕಾರವೂ ಮೊಸರನ್ನು ಸುಮ್ಮನೆ ಬಿಟ್ಟಿಲ್ಲ. 2022ರ ಜುಲೈ 18ರಿಂದ ಪ್ಯಾಕೆಟ್ ಮೊಸರಿಗೆ ಶೇ. 5 ಜಿಎಸ್‌ಟಿ ಬಿತ್ತು. ಮಡಕೆಯಲ್ಲಿ ಹೆಪ್ಪು ಹಾಕಿದ್ದಕ್ಕೆ ಇನ್ನೂ ಇಲ್ಲ.

ಮಜ್ಜಿಗೆಗೆ ಬಂದವನು ಎಮ್ಮೆ ಕ್ರಯ ಕೇಳಿದಂತಾಯಿತು ಎನ್ನುತ್ತೀರಾ? ಇರಲಿ, ಕೊನೆಗೆ ಯಾವುದನ್ನು ತರಲಿ ಎಂದರೆ ಹೇಳುತ್ತೇನೆ. ಹಾಲು, ಹೆಪ್ಪು, ಇವೆರಡರ ಹೆಸರು ಬಿಟ್ಟು ಮೂರನೆಯವರ ಹೆಸರಿಲ್ಲದ ಸಪ್ಪೆ ಮೊಸರು. ತಯಾರಾದ ತಾರೀಖು ಹೊಸದಿರಲಿ. ಕಪಾಟಿನ ಬಾಗಿಲ ಹತ್ತಿರದ್ದಲ್ಲ, ಒಳಗಡೆ ತಣ್ಣಗಿರುವುದು. ಹಣ್ಣು ಬೇಕಿದ್ದರೆ ಹಣ್ಣನ್ನೇ ಹೆಚ್ಚಿ ಹಾಕಿಕೊಳ್ಳಿ. ಮನೆಗೆ ತಂದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಹಾಲು ಕಾಯಿಸಿ, ಬೆರಳದ್ದಿದರೆ ಹಿತವಾಗುವಷ್ಟು ಆರಲು ಬಿಟ್ಟು, ಈ ಮೊಸರಿನದೊಂದು ಚಮಚ ಹಾಕಿ ಕದಡಿ ಮುಚ್ಚಿಡಿ. ಬೆಳಿಗ್ಗೆ ಕೆನೆಗಟ್ಟಿ ಕೂತಿದ್ದರೆ ಡಬ್ಬಿಯೊಳಗೆ ಜೀವವಿತ್ತೆಂದು ಅರ್ಥ. ಹುದುಗಿಸಿದ ಮೇಲೆ ಮತ್ತೆ ಕಾಯಿಸಿ ಹೆಚ್ಚು ದಿನ ಬಾಳುವಂತೆ ಮಾಡಿದ ಸರಕಾದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಮುಚ್ಚಳದ ಮೇಲೆ ಎಷ್ಟು ಕೋಟಿ ಬ್ಯಾಕ್ಟೀರಿಯಾ ಬರೆದಿದ್ದರೂ ಅಷ್ಟೇ. ನಮ್ಮ ಮನೆಯಲ್ಲಿ ಹೀಗೆ ಪಾಸಾದ ಒಂದು ಮೊಸರು ಈಗ ದಿನವೂ ತನ್ನನ್ನು ತಾನೇ ಮಾಡಿಕೊಳ್ಳುತ್ತಿದೆ. ಹಾಗಾಗಿ ಆ ಕಪಾಟಿನ ಮುಂದೆ ನನ್ನ ಹಾಜರಿ ಕಡಿಮೆ. ಹೆಪ್ಪು ಬೇಕಾದವರು ಒಂದು ಲೋಟ ಹಿಡಿದು ಬನ್ನಿ, ಧಾರಾಳವಾಗಿ ಕೊಡುತ್ತೇವೆ. ಸಂಜೆ ದೀಪ ಹಚ್ಚುವುದರೊಳಗೆ ಬಂದರೆ ಅನುಕೂಲ. ಆಮೇಲೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ.