ಹುಣ್ಣಿಮೆಗೆ ಹಿಡಿದ ಬ್ಯಾಟ್ರಿ

ನನ್ನ ಹೆಂಡತಿಯ ತಮ್ಮನ ಹೊಲ ಇರುವುದು ಮಳಖೇಡದ ಹತ್ತಿರ, ಕಾಗಿಣಾ ದಂಡೆಗೆ. ಹಿಂದೆ ರಾಷ್ಟ್ರಕೂಟರು ಆಳಿದ ಸೀಮೆಯನ್ನು ಈಗ ರಾತ್ರಿ ಹೊತ್ತು ಕಾಡುಹಂದಿಗಳು ಆಳುತ್ತವೆ. ಮೋಟಾರಿಗೆ ತ್ರೀ ಫೇಸ್ ಕರೆಂಟು ಬರುವುದೂ ರಾತ್ರಿ, ಹಂದಿ ಬರುವುದೂ ರಾತ್ರಿ. ಹೀಗಾಗಿ ಅವನಿಗೆ ಒಂದು ಒಳ್ಳೆಯ ಬ್ಯಾಟ್ರಿ ಬೇಕಾಯಿತು. ವಿಷಯ ಇಷ್ಟೇ. ಬೇರೆ ಮನೆಯ ಅಳಿಯನಾಗಿದ್ದರೆ ಸೇಡಂ ಬಜಾರಿನಲ್ಲಿ ಒಂದು ಬ್ಯಾಟ್ರಿ ಕೊಂಡು, ಹೊಲದಲ್ಲಿ ಕೊಟ್ಟು, ಚಹಾ ಕುಡಿದು ಬರುತ್ತಿದ್ದ. ಅವರ ದುರ್ದೈವಕ್ಕೆ ಆ ಮನೆಯ ಅಳಿಯ ಹೈಸ್ಕೂಲಿನ ವಿಜ್ಞಾನ ಮಾಸ್ತರ. ‘ಸುಮ್ ಸುಮ್ನೆ ತಗೋಬ್ಯಾಡೋ ತಮ್ಮಾ, ಪರೀಕ್ಷಾ ಮಾಡೇ ತಗೊಳ್ಳೋಣ’ ಎಂದುಬಿಟ್ಟೆ. ಪರೀಕ್ಷೆ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಮಾಸ್ತರನನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದ ಕೆಲಸ.

ಪರೀಕ್ಷೆಗೆ ಕೂತವರು ಮೂವರು. ಒಂದು, ನಮ್ಮ ಮಾವನವರ ಮೂರು ಶೆಲ್ಲಿನ ಸ್ಟೀಲ್ ಬ್ಯಾಟ್ರಿ. ಬಲ್ಬು ತೆಗೆದು ಎಲ್‌ಇಡಿ ಕೂರಿಸಿದ್ದು, ತಲೆಗೆ ತಟ್ಟಿದರಷ್ಟೇ ಹತ್ತುವಂಥದ್ದು. ಎರಡು, ರಾತ್ರಿ ನೀರು ಕಟ್ಟುವವರು ಹಣೆಗೆ ಬಿಗಿದುಕೊಳ್ಳುವ ಬ್ಯಾಟ್ರಿ. ಮೂರನೆಯದು ನಾನೇ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋಗಿ ತಂದ ಮಹಾಶಯ. ಕರೀ ಮೈ, ಮುಂದೆ ಹೊರಗೆಳೆದು ಒಳಗೊತ್ತುವ ಝೂಮ್ ಕಾಜು, ಡಬ್ಬಿಯ ಮೇಲೆ ಬಂಗಾರದ ಅಕ್ಷರದಲ್ಲಿ ‘50,000 ಲ್ಯೂಮೆನ್’, ಅದರ ಕೆಳಗೆ ‘2000 ಮೀಟರ್’. ‘ಸರ್, ಇಲ್ಲಿಂದ ಬಿಟ್ರ ಸೀದಾ ಬುದ್ಧ ವಿಹಾರ ಕಾಣ್ತದ್ರಿ’ ಎಂದ ಅಂಗಡಿಯವ. ಆಗ ಮಧ್ಯಾಹ್ನ. ಕಾಣುತ್ತದೋ ಇಲ್ಲವೋ ನೋಡಲು ಬರುವಂತಿರಲಿಲ್ಲ.

ಐವತ್ತು ಸಾವಿರ ಲ್ಯೂಮೆನ್ ಎಂದರೆ ಎಷ್ಟು ಎಂಬ ಲೆಕ್ಕವನ್ನು ಮಾಡಬೇಕಾದದ್ದು ಅಂಗಡಿಯಲ್ಲಿ. ನಾನು ಮಾಡಿದ್ದು ಸೇಡಮಿಗೆ ಬರುವ ಬಸ್ಸಿನಲ್ಲಿ. ಮನೆಯ ಹಳೇ ಕಾಲದ ಉದ್ದನೆಯ ಟ್ಯೂಬ್‌ಲೈಟು ಕೊಡುವುದು ಸುಮಾರು 2500. ಅಂದರೆ ನನ್ನ ಕೈಚೀಲದಲ್ಲಿ ಇಪ್ಪತ್ತು ಟ್ಯೂಬ್‌ಲೈಟು ಕೂತಿದ್ದವು, ಒಂದೇ ಒಂದು ಶೆಲ್ಲಿನ ಮೇಲೆ. ಆ ಶೆಲ್ಲಿಗೆ 18650 ಅನ್ನುತ್ತಾರೆ. ಅಡ್ಡ 18 ಮಿಲಿಮೀಟರ್, ಉದ್ದ 65. ಇಷ್ಟು ಗಾತ್ರದ ಒಳ್ಳೆಯ ಶೆಲ್ಲು ಹಿಡಿಯುವುದು ಮೂರೂವರೆ ಸಾವಿರ ಎಂಎಎಚ್‌ನ ಆಚೀಚೆ. ನನ್ನದರ ಮೈಮೇಲೆ 9900 ಎಂದು ಬರೆದಿತ್ತು. ಬಸ್ಸಿಳಿದವನೇ ಪರಿಚಯದ ಪತ್ತಾರರ ಅಂಗಡಿಗೆ ಹೋಗಿ ತಕ್ಕಡಿಗೆ ಹಾಕಿಸಿದೆ. ಖರೇ ಶೆಲ್ಲು 45 ಗ್ರಾಮಿನ ಮೇಲೆ ತೂಗಬೇಕು. ಇದು 26ಕ್ಕೇ ನಿಂತಿತು. ಇಂಥವುಗಳ ಒಳಗೆ ಪುಟ್ಟದೊಂದು ಶೆಲ್ಲಿಟ್ಟು, ಉಳಿದ ಜಾಗಕ್ಕೆ ಹಿಟ್ಟೋ ಮರಳೋ ತುಂಬಿರುತ್ತಾರೆ. ಪತ್ತಾರರು ಕನ್ನಡಕದ ಮೇಲಿಂದ ನೋಡಿ, ‘ಮಾಸ್ತರ್ರ, ಇದು ಬೆಳ್ಳಿ ಇದ್ರೂ ನಾ ತಗೊಳ್ಳಾಂಗಿಲ್ರಿ’ ಎಂದರು.

ಇಷ್ಟಾದರೂ ಪರೀಕ್ಷೆ ಬಿಡಲಿಲ್ಲ. ನಕಲು ಮಾಡಿದ ಹುಡುಗನನ್ನೂ ಪರೀಕ್ಷಾ ಹಾಲ್‌ನಲ್ಲಿ ಕೂರಿಸಿಯೇ ಹಿಡಿಯಬೇಕಲ್ಲ!

ಬ್ಯಾಟ್ರಿ ಪರೀಕ್ಷೆಗೂ ಒಂದು ಕಾಯಿದೆ ಇದೆ. ಅಮೆರಿಕದವರು 2009ರಲ್ಲಿ ಎಫ್‌ಎಲ್-1 ಎಂಬ ಮಾನದಂಡ ತಂದರು. ಬೆಳಕು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಕೊನೆ ಎಲ್ಲಿ? ನಕ್ಷತ್ರದ ಬೆಳಕು ಇಲ್ಲಿಯ ತನಕ ಬರುತ್ತದೆ. ಅದಕ್ಕೆ ಅವರು, ಯಾವ ದೂರದಲ್ಲಿ ಬೆಳಕು ಕಾಲು ಲಕ್ಸಿಗೆ ಇಳಿಯುತ್ತದೋ ಅದೇ ಆ ಬ್ಯಾಟ್ರಿಯ ಗಡಿ ಎಂದು ಗೆರೆ ಎಳೆದರು. ಕಾಲು ಲಕ್ಸ್ ಎಂದರೆ, ಮೋಡವಿಲ್ಲದ ಹುಣ್ಣಿಮೆಯ ರಾತ್ರಿ ನೆಲಕ್ಕೆ ಬೀಳುವಷ್ಟು ಬೆಳಕು. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. ಲ್ಯೂಮೆನ್ನಿಗೂ ಕ್ಯಾಂಡೆಲಾಕ್ಕೂ ವ್ಯತ್ಯಾಸವೇನು ಎಂದು ಹೆಂಡತಿಯ ತಮ್ಮ ಕೇಳಿದಾಗ ಅವನ ಮೋಟಾರನ್ನೇ ತೋರಿಸಿದೆ. ಮೋಟಾರು ಎತ್ತುವ ಒಟ್ಟು ನೀರು ಲ್ಯೂಮೆನ್. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಅದೇ ನೀರು ದೂರಕ್ಕೆ ಚಿಮ್ಮುತ್ತದೆ, ಆ ಜೋರು ಕ್ಯಾಂಡೆಲಾ. ಬೆರಳು ತೆಗೆದರೆ ಕಾಲಬುಡದಲ್ಲೇ ಹರಡುತ್ತದೆ. ‘ಹಂಗಾರ ಹೆಬ್ಬೆಟ್ಟಿಗೇ ರೊಕ್ಕ ಕೊಟ್ಟೀರಿ ಅನ್ರಿ ಮಾಮಾ’ ಎಂದ ಅವನು.

ಮೊದಲ ಪರೀಕ್ಷೆಯ ಮುಹೂರ್ತ ಯಾವಾಗ ಎಂಬ ಪ್ರಶ್ನೆ ಬಂತು. ‘ಎಳ್ಳಮಾಸಿಗಿ ಹ್ಯಾಂಗೂ ಚರಗ ಚೆಲ್ಲಾಕ ಹೊಲಕ್ಕ ಬರ್ತೀರಿ, ಆವಾಗ ಮಾಡೋಣ’ ಎಂದು ಅವನು ಹೇಳಿದ. ಅಲ್ಲಿಯವರೆಗೆ ತಡೆಯುವ ಜೀವ ನನ್ನದಲ್ಲ. ಸೀಗಿ ಹುಣ್ಣಿಮೆಗೆ ಊಟಕ್ಕೆ ಕರೆದಿದ್ದರು. ಊಟವೂ ಆಯಿತು, ಪ್ರಯೋಗವೂ ಆಯಿತು ಎಂದು ಅವತ್ತೇ ಹೊರಟೆ. ಹೊಲದ ನಡುವೆ ಮೂರೂ ಬ್ಯಾಟ್ರಿಗಳನ್ನು ಸಾಲಾಗಿ ಕಲ್ಲಿನ ಮೇಲಿಟ್ಟು, ಮೊಬೈಲಿನ ಲಕ್ಸ್ ಆ್ಯಪ್ ತೆರೆದು, ಕಾಲು ಲಕ್ಸಿನ ಗಡಿ ಹುಡುಕುತ್ತಾ ನಡೆದೆ. ಬದು ದಾಟಿದೆ. ಪಕ್ಕದವರ ಹೊಲ ದಾಟಿದೆ. ಎಷ್ಟು ದೂರ ಹೋದರೂ ಬೆಳಕು ಸಾಯುತ್ತಲೇ ಇರಲಿಲ್ಲ. ಹಾ, ಎರಡು ಸಾವಿರ ಮೀಟರ್ ಖರೇನೇ ಇರಬೇಕು ಎಂದು ಎದೆ ಉಬ್ಬಿತು. ಹಿಂದಿನಿಂದ ಮಾವನವರ ದನಿ: ‘ಅಳಿಯಂದ್ರ, ಬ್ಯಾಟ್ರಿ ಆರಿಸಿ ಭಾಳ ಹೊತ್ತಾತು. ನೀವು ಅಳ್ಯಾಕತ್ತಿದ್ದು ಚಂದ್ರಮನ್ನ!’

ತಲೆ ಎತ್ತಿ ನೋಡಿದೆ. ಯಾವ ಬೆಳಕನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೋ ಅದೇ ಬೆಳಕು, ಶೆಲ್ಲಿನ ಖರ್ಚಿಲ್ಲದೆ, ಇಡೀ ಸೇಡಂ ತಾಲೂಕಿನ ಮೇಲೆ ಬಿದ್ದಿತ್ತು.

ಆಮೇಲೆ ಬುದ್ಧಿ ಬಂದು ಕತ್ತಲ ಪಕ್ಷದಲ್ಲಿ ಶಾಲೆಯ ಉದ್ದನೆಯ ವರಾಂಡದಲ್ಲಿ, ಹತ್ತು ಮೀಟರಿನಲ್ಲಿ ಅಳೆದೆ. ಮಹಾಶಯ 400 ಲಕ್ಸ್ ಕೊಟ್ಟ. ದೂರದ ವರ್ಗದಿಂದ ಗುಣಿಸಿದರೆ 40,000 ಕ್ಯಾಂಡೆಲಾ, ವರ್ಗಮೂಲ 200, ಇಮ್ಮಡಿ 400 ಮೀಟರ್. ಡಬ್ಬಿಯ ಮಾತು ಖರೆಯಾಗಲು ಹತ್ತು ಲಕ್ಷ ಕ್ಯಾಂಡೆಲಾ ಬೇಕು. ದೂರ ಐದು ಪಟ್ಟಾಗಬೇಕಾದರೆ ಬೆಳಕು ಇಪ್ಪತ್ತೈದು ಪಟ್ಟಾಗಬೇಕು. ಇಲ್ಲಿ ವರ್ಗದ ನಿಯಮ ಯಾರ ಮುಲಾಜೂ ನೋಡುವುದಿಲ್ಲ. ಮಾವನವರ ಸ್ಟೀಲ್ ಬ್ಯಾಟ್ರಿ 30 ಲಕ್ಸ್, ಅಂದರೆ ಸುಮಾರು 110 ಮೀಟರ್. ಹಣೆ ಬ್ಯಾಟ್ರಿ 3 ಲಕ್ಸ್, 35 ಮೀಟರ್. ಅಂಕಗಳನ್ನು ಬರೆದುಕೊಳ್ಳುವಷ್ಟರಲ್ಲೇ ಮಹಾಶಯನ ಮೈ ಬಿಸಿಯಾಗಿ 400 ಇದ್ದದ್ದು 100ಕ್ಕೆ ಇಳಿದು ಕೂತಿತು. ಝೂಮ್ ಎಳೆದು ಗೋಡೆಗೆ ಬಿಟ್ಟರೆ ಬಿದ್ದದ್ದು ಗುಂಡನೆಯ ಬೆಳಕಲ್ಲ, ಒಂದು ಚೌಕ. ಅದರೊಳಗೆ ಕೂದಲೆಳೆಯಂಥ ಗೆರೆಗಳು. ಎಲ್‌ಇಡಿಯ ಚಿಪ್ಪಿನದೇ ಚಿತ್ರ ಅದು. ಕಾಜನ್ನು ಮುಂದೆಳೆದಷ್ಟೂ ಬೆಳಕಿನ ಪಾಲು ಕೊಳವೆಯ ಒಳಗೋಡೆಗೇ ಬಡಿದು ಸಾಯುತ್ತದೆ, ಅಳಿದುಳಿದದ್ದು ಚೌಕವಾಗಿ ದೂರ ಹೋಗುತ್ತದೆ.

ವರಾಂಡದ ಅಂಕಿಗಳಿಂದ ತೃಪ್ತಿಯಾಗದೆ ಬಯಲು ಹುಡುಕಿಕೊಂಡು ವಾಡಿಗೆ ಹೋದೆ. ಮುಂಬೈ–ಚೆನ್ನೈ ಹಾದಿಯಿಂದ ಸಿಕಂದರಾಬಾದಿನ ಹಾದಿ ಒಡೆಯುವ ಜಂಕ್ಷನ್ ಅದು. ಹಳಿಯ ಪಕ್ಕದಷ್ಟು ನೆಟ್ಟಗಿನ, ಗಿಡಗಂಟಿಯಿಲ್ಲದ ಜಾಗ ನಮ್ಮ ಕಡೆ ಬೇರೆ ಸಿಗುವುದಿಲ್ಲ. ಒಂದೊಂದು ಕೈಯಲ್ಲಿ ಒಂದೊಂದು ಬ್ಯಾಟ್ರಿ ಹಿಡಿದು, ಯಾವುದರ ಹರವು ಹೆಚ್ಚು ಎಂದು ನೋಡಲು ಎಡಕ್ಕೂ ಬಲಕ್ಕೂ ಬೀಸಿದೆ. ಲಾರಿಗಳೆಬ್ಬಿಸಿದ ಧೂಳು ಗಾಳಿಯಲ್ಲಿ ನಿಂತಿತ್ತು. ಬೆಳಕು ಜೋರಾದಷ್ಟೂ ಧೂಳಿಗೆ ಬಡಿದು ನನ್ನ ಕಣ್ಣಿಗೇ ವಾಪಸ್ ಬರುತ್ತಿತ್ತು. ಹಾಗಾಗಿ ಓಡಿಬರುತ್ತಿದ್ದ ರೈಲ್ವೆ ನೌಕರರು ತೀರ ಹತ್ತಿರ ಬರುವ ತನಕ ಕಾಣಲಿಲ್ಲ. ‘ರಾತ್ರಿ ಬಿಳೀ ಲೈಟ್ ಹಿಂಗ ಜೋರಾಗಿ ಬೀಸಿದ್ರ ಏನರ್ಥ ಗೊತ್ತದೇನ್ರಿ? ಗಾಡಿ ನಿಂದರ್ಸು ಅಂತರ್ಥ!’ ಕೆಂಪು ದೀಪ ಕೈಯಲ್ಲಿ ಇಲ್ಲದಾಗ ಬಿಳಿ ದೀಪವನ್ನೇ ಜೋರಾಗಿ ಬೀಸಿ ಗಾಡಿ ನಿಲ್ಲಿಸಬೇಕೆಂಬುದು ರೈಲ್ವೆಯ ನಿಯಮ. ಪುಣ್ಯಕ್ಕೆ ಆ ಹೊತ್ತಿಗೆ ಯಾವ ಗಾಡಿಯೂ ಬರುತ್ತಿರಲಿಲ್ಲ. ನಾನು ಮಾಸ್ತರನೆಂದು ಹೇಳಿಕೊಂಡೆ. ಅದು ಇನ್ನೂ ಕೆಟ್ಟದಾಯಿತು. ‘ಮಕ್ಕಳಿಗಿ ಇದೇ ಕಲಿಸ್ತೀರೇನ್ರಿ?’ ಎಂದರು. ಅವರ ಕೈಯಲ್ಲಿದ್ದ ಮೂರು ಬಣ್ಣದ ಬ್ಯಾಟ್ರಿ ಎಷ್ಟು ಕ್ಯಾಂಡೆಲಾದ್ದು ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು; ಅವರ ಮುಖ ನೋಡಿ ನುಂಗಿಕೊಂಡೆ.

ಶಹಾಬಾದಿನ ಕಥೆ ಹೇಳಲು ಸ್ವಲ್ಪ ನಾಚಿಕೆ. ಅಲ್ಲಿಯ ಹಾಸುಗಲ್ಲು, ನಮ್ಮವರು ಫರ್ಸಿ ಅನ್ನುವುದು, ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಎಬ್ಬಿಸಿ ತೆಗೆದು ಬಿಟ್ಟುಹೋದ ಹಳೆಯ ಖಣಿಗಳು ಊರ ಸುತ್ತ ಬೇಕಾದಷ್ಟಿವೆ. ಖಣಿಯ ಆಚೆ ಗೋಡೆ ನೂರಿನ್ನೂರು ಮೀಟರಿನಲ್ಲಿದ್ದರೆ ದೂರದ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪರದೆ ಎಲ್ಲಿ? ಸಂಗಡ ಒಬ್ಬ ಹಳೇ ಶಿಷ್ಯ, ಪಾಲಿಶ್ ಮಷೀನಿನ ಕೆಲಸದವನು. ಅವನು ಹಣೆಗೆ ಬ್ಯಾಟ್ರಿ ಕಟ್ಟಿಕೊಂಡ, ನಾನು ಮಹಾಶಯನನ್ನು ಎತ್ತಿದೆ. ಬೆಳಕು ಹೋಗಿ ಎದುರು ಗೋಡೆಗೆ ಬಡಿಯಿತು ನೋಡಿ! ಒಂದೊಂದು ಪದರವೂ ಬೇರೆ ಬೇರೆಯಾಗಿ ಕಾಣುತ್ತಿತ್ತು, ಉಳಿಯ ಗುರುತು ಕೂಡ. ‘ಕಾಣ್ತದೇನೋ?’ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಕಲ್ಲು ಪಾಲಿಶ್ ಮಾಡಿದ ನೀರು ಹರಿದು ನಿಂತ ತಗ್ಗು ಅದು. ಮೇಲೆ ನೆಲದ ಹಾಗೆಯೇ ಬೆಳ್ಳಗೆ, ಸಮನಾಗಿ ಇರುತ್ತದೆ. ಮೊಣಕಾಲ ತನಕ ಇಳಿದೆ. ನನ್ನ ಕಾಲಿನ ಮುಂದೆ ಒಂದು ಗೇಣು ಬೆಳಕಿರಲಿಲ್ಲ. ಎದುರಿನ ಗೋಡೆಯಲ್ಲಿ ಮಾತ್ರ ಹಲ್ಲಿ ಇದ್ದರೂ ಹಿಡಿಯಬಹುದಿತ್ತು. ಶಿಷ್ಯ ಹಣೆಯ ಮೂರು ಲಕ್ಸಿನಲ್ಲಿ ತಗ್ಗಿನ ಅಂಚನ್ನು ಆರಾಮಾಗಿ ಸುತ್ತಿಕೊಂಡು ಬಂದು ನನ್ನ ರಟ್ಟೆ ಹಿಡಿದೆಳೆದ. ‘ತಗ್ಗದ ಅಂತ ಹೇಳಾಂವಿದ್ನ್ರಿ ಸರ್, ನೀವು ಗ್ವಾಡಿ ನೋಡ್ಲಕತ್ತಿದ್ರಿ.’ ಆ ಕೆಸರು ಒಣಗುತ್ತಾ ಗಟ್ಟಿಯಾಗುತ್ತದೆ. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಎರಡೂ ಕಾಲು ಮಡಿಸಲು ಬರಲಿಲ್ಲ. ಒಬ್ಬ ಅಜ್ಜಿ ಸೀಟು ಬಿಟ್ಟುಕೊಟ್ಟು, ‘ಎಲ್ಲಿ ಬಿದ್ರಿ ಯಪ್ಪಾ, ಎರಡೂ ಕಾಲಿಗಿ ಪ್ಲಾಸ್ಟರ್ ಹಾಕ್ಯಾರಲ್ಲ’ ಎಂದು ಮರುಗಿದಳು.

ಚಿತ್ತಾಪುರದಲ್ಲಿ ಹೆಚ್ಚೇನೂ ಆಗಲಿಲ್ಲ. ನಾಗಾವಿಯ ಅರವತ್ತು ಕಂಬದ ಗುಡಿಯ ಹತ್ತಿರ ಸಂಜೆಗತ್ತಲಲ್ಲಿ ನೋಡಿದಾಗ ಮಹಾಶಯ ಒಂದು ಕಂಬವನ್ನು ಕಣ್ಣು ಕುಕ್ಕುವಂತೆ ತೋರಿಸಿ ಉಳಿದ ಐವತ್ತೊಂಬತ್ತನ್ನು ಕತ್ತಲಲ್ಲಿಟ್ಟ. ಹಣೆ ಬ್ಯಾಟ್ರಿ ಸುತ್ತಲಿನ ಕಂಬಗಳನ್ನೆಲ್ಲ ಮಂದವಾಗಿ ಒಟ್ಟಿಗೆ ತೋರಿಸಿತು. ಅಲ್ಲಿಯ ಘಟಿಕಾಸ್ಥಾನವೆಂಬ ಹಳೆಯ ವಿದ್ಯಾಪೀಠದಲ್ಲಿ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು, ಇದ್ದರೆಂದು 1058ರ ಶಾಸನ ಹೇಳುತ್ತದೆ. ಎಣ್ಣೆ ದೀಪದಲ್ಲಿ ಓಲೆಗರಿ ಹುಡುಕಿ ಕೊಡುತ್ತಿದ್ದ ಆ ಮಹನೀಯರ ಮುಂದೆ ಐವತ್ತು ಸಾವಿರದ ಡಬ್ಬಿ ಹಿಡಿದು ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಚಿಂಚೋಳಿಗೆ ಹೋಗಬಾರದಿತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಚಂದ್ರಂಪಳ್ಳಿ ಕೆರೆಯ ಕಡೆ ಸಹೋದ್ಯೋಗಿಯೊಬ್ಬರ ಸಂಬಂಧಿಕರ ಮನೆಯಲ್ಲಿ ಊಟ ಮುಗಿಸಿ, ರಸ್ತೆಯಲ್ಲೇ ನಿಂತು ಸುಮ್ಮನೆ ಒಮ್ಮೆ ಗುಡ್ಡದ ಕಡೆ ಬೆಳಕು ಬಿಟ್ಟೆ. ಕತ್ತಲೊಳಗೆ ಜೋಡಿ ಜೋಡಿ ಕಣ್ಣು ಹೊಳೆದವು, ಹಸಿರು ಹಳದಿ. ‘ಸರ್, ತೋಳಗಳ ಹಿಂಡು’ ಎಂದು ಸಹೋದ್ಯೋಗಿಯ ಕೈ ಹಿಡಿದೆ. ಕಣ್ಣಿನ ಹಿಂದಿರುವ ಕನ್ನಡಿಯಂಥ ಪದರ ಬೆಳಕನ್ನು ತಿರುಗಿ ಕಳಿಸುತ್ತದೆ, ಅದಕ್ಕೇ ಹೊಳಪು ಎಂದು ಗಡಗಡ ನಡುಗುತ್ತಲೇ ಪಾಠವನ್ನೂ ಮಾಡಿದೆ. ಅಷ್ಟರಲ್ಲಿ ಬೈಕಿನ ಮೇಲೆ ಬಂದರು ಅರಣ್ಯ ಕಾವಲುಗಾರರು. ಇದು 2011ರಲ್ಲಿ ವನ್ಯಜೀವಿಧಾಮವಾದ ಕಾಡು. ರಾತ್ರಿ ಇದರ ಮೇಲೆ ಜೋರು ಬೆಳಕು ಬಿದ್ದರೆ ಬೇಟೆಗಾರರೆಂದೇ ಅವರು ಹಿಡಿಯುತ್ತಾರೆ, ಹಿಡಿಯಲೂ ಬೇಕು. ಚೀಲ ಬಿಚ್ಚಿಸಿದರು. ಸಿಕ್ಕಿದ್ದು ಮೂರು ಬ್ಯಾಟ್ರಿ, ಒಂದು ಅಳತೆ ಟೇಪು, ಅಂಕಿ ಬರೆದ ವಹಿ. ‘ಇದೇನ್ರಿ ವಹ್ಯಾಗ, 400, 110, 35? ಎಷ್ಟು ಹೊಡ್ದೀರಿ?’ ಎಂದು ಕೇಳಿದರು. ಮೀಟರ್ ಎಂದು ಬಿಡಿಸಿ ಹೇಳುವಷ್ಟರಲ್ಲಿ ಬೆವರಿಳಿಯಿತು. ಕೊನೆಗೆ ತೋಳಗಳ ಸುದ್ದಿ ಎತ್ತಿದೆ. ಅವರು ತಮ್ಮ ಸಣ್ಣ ಬ್ಯಾಟ್ರಿ ಹಾಕಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿ ಬಂದು, ‘ತಾಂಡಾದವ್ರ ಆಡು ಅವ. ಮಲಗ್ಯಾವ, ಎಬ್ಬಿಸಬ್ಯಾಡ್ರಿ’ ಎಂದರು.

ಫಲಿತಾಂಶ ತಿಳಿಸಲು ಮಳಖೇಡಕ್ಕೆ ಹೋದಾಗ ತೊಗರಿ ಎದೆಮಟ್ಟ ದಾಟಿತ್ತು. ಮಹಾಶಯನನ್ನು ಎತ್ತಿ ಹೊಲಕ್ಕೆ ಹಿಡಿದೆ. ನಾನೂರು ಮೀಟರಿನ ಬೆಳಕು ನಾಲ್ಕು ಅಡಿಗೆ ಮೊದಲ ತೊಗರಿ ಗಿಡಕ್ಕೆ ಬಡಿದು ಅಲ್ಲಿಗೇ ನಿಂತಿತು. ಗಿಡದ ಹಿಂದೆ ಗುರ್ ಗುರ್ ಎಂಬ ಸಪ್ಪಳ. ಹಂದಿಗಳಿಗೆ ಬೆಳಕು ರೂಢಿಯಾಗಿಬಿಟ್ಟಿದೆ; ದೀಪ ಹಚ್ಚಿದ್ದು ತಮಗೆ ಊಟಕ್ಕೆ ಅನುಕೂಲವಾಗಲಿ ಎಂದೇ ತಿಳಿದಂತೆ ಸಾವಕಾಶ ಮೇಯುತ್ತವೆ. ಮಾವನವರು ಏನೂ ಮಾತಾಡದೆ ಗುಡಿಸಲಿನಿಂದ ಊಟದ ತಾಟು ತಂದು ಕಟ್ಟಿಗೆಯಿಂದ ಬಾರಿಸಿದರು. ಹಿಂಡು ತೊಗರಿ ಮುರಿದುಕೊಂಡು ಹೊಳೆಯ ಕಡೆ ಓಡಿತು.

ಹೆಂಡತಿಯ ತಮ್ಮ ಮೊನ್ನೆ ಫೋನ್ ಮಾಡಿದ್ದ. ‘ಮಾಮಾ, ಬ್ಯಾಟ್ರಿ ಇರ್ಲಿ ಬಿಡ್ರಿ. ಬಾರಿಸ್ಲಕ್ಕ ಸ್ಟೀಲ್ ತಾಟು ಚಲೋನೋ, ಹಿತ್ತಾಳಿದೋ?’ ಬಾಯಿ ಮಾತಿನಲ್ಲಿ ಹೇಳುವಂಥದ್ದಲ್ಲ ಅದು, ಡೆಸಿಬೆಲ್ ಅಳೆಯುವ ಆ್ಯಪ್ ಇಳಿಸಿಕೊಂಡಿದ್ದೇನೆ, ಭಾನುವಾರ ಬರುತ್ತೇನೆ ಎಂದೆ. ಅಡುಗೆಮನೆಯಲ್ಲಿ ಹೆಂಡತಿ ಈಗ ತಾಟುಗಳನ್ನು ಎಣಿಸಿ ಕಪಾಟಿಗೆ ಕೀಲಿ ಹಾಕುತ್ತಿದ್ದಾಳೆ.